ಘಾಟಿಯಲ್ಲಿ ಹಳೆ ಕಾರು ಟಕಟಕ ಅಂದರೆ ಮೊದಲು ಟೈಮಿಂಗ್ ನೋಡಿ

ಸಂಪಾದಕರೇ,

ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಾಟಿಯಲ್ಲಿ ಹಳೆ ಪದ್ಮಿನಿಯೋ ಪೆಟ್ರೋಲ್ ಅಂಬಾಸಿಡರ್ರೋ ಟಕಟಕ ಅಂದರೆ ಸಾಕು, ಈಗ ಎಲ್ಲರದ್ದೂ ಒಂದೇ ಮಾತು: ಪೆಟ್ರೋಲಿಗೆ ಎಥನಾಲ್ ಬೆರೆಸಿದರು, ಎಂಜಿನ್ ಹೋಯ್ತು. ಎಥನಾಲ್‌ನಿಂದ ಹಳೆ ಗಾಡಿಗೆ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ರಬ್ಬರ್ ಪೈಪು, ವಾಷರ್ ಹಾಳಾಗುತ್ತವೆ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಆದರೆ ಎಥನಾಲ್‌ನ ಆಕ್ಟೇನ್ ಪೆಟ್ರೋಲಿಗಿಂತ ಜಾಸ್ತಿ. ಆಕ್ಟೇನ್ ಜಾಸ್ತಿ ಇದ್ದಷ್ಟೂ ನಾಕಿಂಗ್, ಅಂದರೆ ಈ ಟಕಟಕ, ಕಡಿಮೆ. ಸುಮ್ನೆ ಬಂಕಿನವರನ್ನು ಬೈದು ಏನು ಬಂತು, ಬಾನೆಟ್ ಎತ್ತಿ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಸರಿಯಿದೆಯಾ ನೋಡಿಸಿ.

ನೋಡುವವರು ಯಾರು ಅನ್ನುವುದೇ ಈಗಿನ ಕಷ್ಟ. ಗ್ಯಾರೇಜಿಗೆ ಹೋದರೆ ಡೆಲ್ಕೋ, ಅಂದರೆ ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಬೋಲ್ಟ್ ಸಡಿಲ ಮಾಡಿ, ಆಕ್ಸಿಲರೇಟರ್ ಎಳೆದು, ಕಿವಿಗೆ ಚೆಂದ ಕೇಳಿದ ಕಡೆ ಬಿಗಿ ಮಾಡಿ ಕಳಿಸುತ್ತಾರೆ. ಟಕಟಕ ನಿಲ್ಲುತ್ತದೆ ನಿಜ. ಯಾಕೆಂದರೆ ಕಿಡಿ ತಡವಾಗಿದೆ. ಪೆಟ್ರೋಲು ಉರಿಯುವುದಕ್ಕೆ ಸ್ವಲ್ಪ ಹೊತ್ತು ಬೇಕು, ಅದಕ್ಕೇ ಪಿಸ್ಟನ್ ಮೇಲೆ ಬರುವ ಕೆಲವು ಡಿಗ್ರಿ ಮೊದಲೇ ಕಿಡಿ ಬೀಳಬೇಕು. ತೀರಾ ಬೇಗ ಬಿದ್ದರೆ ನಾಕಿಂಗ್, ತಡವಾದರೆ ಗಾಡಿ ಎಳೆಯುವುದಿಲ್ಲ, ಎಂಜಿನ್ ಬಿಸಿಯಾಗುತ್ತದೆ, ಪೆಟ್ರೋಲು ಕುಡಿಯುತ್ತದೆ. ಆಮೇಲೆ ರೇಡಿಯೇಟರ್ ಸರಿಯಿಲ್ಲ ಅಂತ ಇನ್ನೊಂದು ಖರ್ಚು.

ಸರಿಯಾದ ಕೆಲಸಕ್ಕೆ ಬೇಕಾಗಿರುವುದು ಸಂದು ಅಳೆಯುವ ಒಂದು ಫೀಲರ್ ಗೇಜು, ವೈರ್ ಹಾಕಿದ ಒಂದು 12 ವೋಲ್ಟ್ ಬಲ್ಬು, ಅಷ್ಟೇ. ಮೊದಲು ಸಿಬಿ ಪಾಯಿಂಟ್, ಅಂದರೆ ಡೆಲ್ಕೋ ಒಳಗೆ ತೆರೆದು ಮುಚ್ಚುವ, ತೆರೆದಾಗ ಕಿಡಿ ಬೀಳಿಸುವ ಸ್ವಿಚ್ಚಿನ ಗ್ಯಾಪು. ಅಂಬಾಸಿಡರ್‌ಗೆ ಸುಮಾರು 0.4 ಮಿಲಿಮೀಟರ್. ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪು ಕಡಿಮೆಯಾದರೆ ಟೈಮಿಂಗ್ ತಾನಾಗೇ ತಡವಾಗುತ್ತದೆ. ಅದನ್ನು ಬಿಟ್ಟು ಡೆಲ್ಕೋ ತಿರುಗಿಸುವವರು ಜಾಸ್ತಿ. ಗ್ಯಾಪು ಆದಮೇಲೆ ಕ್ರ್ಯಾಂಕ್ ಪುಲ್ಲಿಯ ಮೇಲಿನ ಎಣ್ಣೆ ಮಣ್ಣು ಒರೆಸಿ, ಗುರುತಿಗೆ ಸೀಮೆಸುಣ್ಣ ಬಳಿದು, ನಟ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ತಂದು ನಿಲ್ಲಿಸಬೇಕು. ಅಂಬಾಸಿಡರ್ ಲೆಕ್ಕ ಪದ್ಮಿನಿಗೆ ನಡೆಯುವುದಿಲ್ಲ. ಡೆಲ್ಕೋ ಕ್ಯಾಪಿನ ಕೆಳಗೆ ತಿರುಗುವ ರೋಟರ್ 1ನೇ ಸಿಲಿಂಡರಿನ ವೈರಿನ ಕಡೆ ಇರಬೇಕು, 4ರ ಕಡೆ ಇದ್ದರೆ ಇನ್ನೊಂದು ಸುತ್ತು. ಬಲ್ಬಿನ ಒಂದು ತುದಿ ಕಾಯಿಲ್‌ನಿಂದ ಡೆಲ್ಕೋಗೆ ಬರುವ ಸಣ್ಣ ವೈರಿಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ, ಬಲ್ಬ್ ಆರುವ ತನಕ ಡೆಲ್ಕೋವನ್ನು ರೋಟರ್ ತಿರುಗುವ ಕಡೆಗೇ ತಿರುಗಿಸಿ, ಆಮೇಲೆ ನಿಧಾನಕ್ಕೆ ವಾಪಸ್. ಬಲ್ಬ್ ಹೊತ್ತಿದ ಕ್ಷಣವೇ ಪಾಯಿಂಟ್ ತೆರೆಯಿತು, ಅಲ್ಲೇ ಬಿಗಿ ಮಾಡಿ.

ನಮ್ಮ ಕರಾವಳಿಯವರು ಇನ್ನೊಂದು ನೋಡಲೇಬೇಕು. ವೇಗ ಏರಿದ ಹಾಗೆ ಕಿಡಿಯನ್ನು ಮುಂದಕ್ಕೆ ತರುವ ಎರಡು ತೂಕದ ಬಿಲ್ಲೆ ಡೆಲ್ಕೋ ಒಳಗಿರುತ್ತವೆ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಅವು ತುಕ್ಕು ಹಿಡಿದು ಕೂತುಬಿಡುತ್ತವೆ. ಆಗ ಬಲ್ಬ್ ಹಾಕಿ ಎಷ್ಟೇ ಸರಿ ಮಾಡಿದರೂ ರೋಡಲ್ಲಿ ಗಾಡಿ ಸತ್ತ ಹಾಗೇ. ಕ್ಯಾಪ್ ತೆಗೆದು ರೋಟರನ್ನು ಅದು ತಿರುಗುವ ಕಡೆ ಕೈಯಲ್ಲಿ ಸ್ವಲ್ಪ ತಿರುಚಿ ಬಿಡಿ. ಸ್ಪ್ರಿಂಗಿನಿಂದ ತಟ್ಟನೆ ವಾಪಸ್ ಬಂದರೆ ಸರಿ, ಬರದಿದ್ದರೆ ಬಿಚ್ಚಿ ತೊಳೆದು ಎಣ್ಣೆ ಹಾಕಬೇಕು.

ಗ್ಯಾರೇಜಿನ ಹುಡುಗರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹೊಸ ಕಾರಲ್ಲಿ ಇದನ್ನೆಲ್ಲ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನೋಡಿಕೊಳ್ಳುತ್ತದೆ, ಅಂಬಾಸಿಡರ್ ತಯಾರಿಕೆ ನಿಂತದ್ದೇ 2014ರಲ್ಲಿ, ಪಾಯಿಂಟನ್ನು ಅವರು ನೋಡುವುದಾದರೂ ಎಲ್ಲಿ? ಆದರೆ ಶಿರಸಿ, ಸಿದ್ದಾಪುರ ಕಡೆ ಅಡಿಕೆ ತೋಟದ ಮನೆಗಳ ಅಂಗಳದಲ್ಲಿ ಇಂಥ ಗಾಡಿಗಳು ಇನ್ನೂ ಇವೆ, ಓಡುತ್ತಲೂ ಇವೆ. ಜಿಲ್ಲೆಯ ಐಟಿಐಗಳಲ್ಲಿ ಒಂದು ಹಳೆ ಎಂಜಿನ್ ಇಟ್ಟು, ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಮಕ್ಕಳ ಕೈಯಲ್ಲೇ ಇದನ್ನು ಮಾಡಿಸಬಹುದಲ್ವಾ? ಅರ್ಧ ದಿನದ ಪಾಠ. ಕಲಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಈ ವರ್ಷವೇ ಶುರು ಮಾಡಿದರೆ ಒಳ್ಳೆಯದು.

ಒಬ್ಬ ಓದುಗ, ಶಿರಸಿ