ನಾಯಿಮರಿ ದಂಧೆಗೆ ಲಗಾಮು ಹಾಕಿ

ಮಾನ್ಯರೇ,

ನಮ್ಮ ನೆರೆಮನೆಯವರು ಮೊಬೈಲ್ ಜಾಹೀರಾತು ನೋಡಿ ದಾವಣಗೆರೆಯಲ್ಲೇ ಕೊಂಡ ಲ್ಯಾಬ್ರಡಾರ್ ಮರಿ ವಾರದೊಳಗೆ ಪಾರ್ವೊ ರೋಗಕ್ಕೆ ಬಲಿಯಾಯಿತು. ಮಾರಿದವನ ಫೋನ್ ಅಂದಿನಿಂದ ಸ್ಥಗಿತ. ಲಸಿಕೆಯ ದಾಖಲೆ ಇಲ್ಲ, ರಸೀದಿ ಇಲ್ಲ, ವಿಳಾಸವೂ ಇಲ್ಲ.

2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣುನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಆದರೆ ಕತ್ತಲೆಯ ಶೆಡ್‌ನಲ್ಲಿ ಕಟ್ಟಿಹಾಕಿ, ಬೆದೆ ಬಂದಾಗಲೆಲ್ಲ ಮರಿ ಹಾಕಿಸುವವನ ಬಾಗಿಲು ತಟ್ಟುವವರು ಯಾರು? ಆ ತಾಯಿಯ ಮೈಯಲ್ಲಿ ರಕ್ತವಿಲ್ಲ, ಎಲುಬಿಗೆ ಬಲವಿಲ್ಲ. ಸಾಲದ್ದಕ್ಕೆ ಬಯಲುಸೀಮೆಯ ಈ ಬಿಸಿಲಿಗೆ ಹಿಮನಾಡಿನ ಹಸ್ಕಿಯನ್ನೂ ತಂದು ಮಾರುತ್ತಾರೆ!

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಮೊದಲ ಅಪರಾಧಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ. ಒಂದು ಮರಿಗೆ ಸಾವಿರಾರು ರೂಪಾಯಿ ಎಣಿಸುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಕಾಯ್ದೆಗೆ ತಿದ್ದುಪಡಿ ಆಗಲೇಬೇಕು. ಅಲ್ಲಿಯವರೆಗೆ ಜಿಲ್ಲಾಡಳಿತ, ಪಶುಪಾಲನಾ ಇಲಾಖೆ ಹಾಗೂ ಮಹಾನಗರ ಪಾಲಿಕೆ ಒಟ್ಟಾಗಿ ತಪಾಸಣೆ ನಡೆಸಿ, ನೋಂದಣಿ ಇಲ್ಲದವರ ವ್ಯಾಪಾರವನ್ನು ನಿಲ್ಲಿಸಲಿ. ನೋಂದಾಯಿತರ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಲಿ. ಕೊಳ್ಳುವವರು ಕೂಡ ತಾಯಿನಾಯಿಯನ್ನು ಕಣ್ಣಾರೆ ನೋಡದೆ ಹಣ ಕೊಡಬಾರದು.

– ಓದುಗ, ವಿದ್ಯಾನಗರ, ದಾವಣಗೆರೆ