ಮಕ್ಕಳ ಥೆರಪಿ ತಾಲ್ಲೂಕಿಗೆ ಬರಲಿ

ನಗರದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳುವ ಕುಟುಂಬದಲ್ಲಿ ಅಂಗವಿಕಲ ಮಗುವಿದ್ದರೆ, ಮೊದಲು ನಿಂತುಹೋಗುವುದು ಆ ಮಗುವಿನ ಥೆರಪಿ. ನಮ್ಮ ನೆರೆಮನೆಯ ದಂಪತಿ ಹಾಗೆ ಬಂದವರು. ಹಿತ್ತಿಲಲ್ಲಿ ನುಗ್ಗೆ, ಬಸಳೆ, ಹೀರೆ ಬೆಳೆದುಕೊಂಡು, ಒಂದಷ್ಟು ನಾಟಿ ಕೋಳಿ ಸಾಕಿ, ಪಡಿತರದ ಅಕ್ಕಿಯಲ್ಲಿ ಸಂಸಾರ ತೂಗಿಸುತ್ತಿದ್ದಾರೆ. ಬಚ್ಚಲ ನೀರೂ ಬಾಳೆಯ ಬುಡಕ್ಕೇ ಹೋಗುತ್ತದೆ. ಊಟಕ್ಕೆ ತೊಂದರೆಯಿಲ್ಲ. ಆದರೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಗನ ಫಿಸಿಯೋಥೆರಪಿಗೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ‘ಶಕ್ತಿ’ ಯೋಜನೆಯಿಂದ ತಾಯಿಗೆ ಬಸ್ಸು ಉಚಿತ, ನಿಜ. ಬೆಳೆದ ಹುಡುಗನನ್ನು ನಿಲ್ದಾಣದಿಂದ ಆಸ್ಪತ್ರೆಯವರೆಗೆ ಎತ್ತಿಕೊಂಡು ಹೋಗಲು ತಂದೆಯೂ ಜೊತೆಗಿರಬೇಕು. ಅಂದಿನ ಕೂಲಿ ಹೋದಂತೆಯೇ. ಹೀಗಾಗಿ ವ್ಯಾಯಾಮ ತಪ್ಪಿ, ಅವನ ಕಾಲಿನ ಸ್ನಾಯುಗಳು ಮತ್ತೆ ಬಿಗಿಯುತ್ತಿವೆ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ಕೇಂದ್ರದ ‘ನಿರಾಮಯ’ ಆರೋಗ್ಯ ವಿಮೆಯಡಿ 1 ಲಕ್ಷ ರೂಪಾಯಿವರೆಗೆ ನೆರವಿದೆ. ಥೆರಪಿಯ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ. ಈ ದಂಪತಿಗೆ ಅದರ ಹೆಸರೇ ಗೊತ್ತಿರಲಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ಇಂಥ ಮಕ್ಕಳಿಗಾಗಿಯೇ ಫಿಸಿಯೋಥೆರಪಿಸ್ಟ್ ಲಭ್ಯವಿರುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಊರಿಗೆ ಮರಳಿದ ಕುಟುಂಬಗಳ ಮನೆಗೇ ಹೋಗಿ ‘ನಿರಾಮಯ’ದ ಅರ್ಜಿ ತುಂಬಿಸುವ ಹೊಣೆ ವಹಿಸಬೇಕು.

– ಓರ್ವ ಓದುಗ, ತುಮಕೂರು ಜಿಲ್ಲೆ