ಬ್ಯಾಟರಿ ಸರ್ಕ್ಯೂಟಿನ ಪೇಟೆಂಟ್: ಬಿಡಿಭಾಗ ಹಳೆಯದು ಸರಿ, ಕಾರಣವೂ ಹಳೆಯದೇ?

ಮಾನ್ಯ ಸಂಪಾದಕರೆ,

ಬ್ಯಾಟರಿ ಪ್ಯಾಕ್ ಒಳಗಿನ ನಿಯಂತ್ರಣ ಸರ್ಕ್ಯೂಟನ್ನು ಹಾನಿಯಿಂದ ಕಾಪಾಡುವ ಒಂದು ವಿಧಾನಕ್ಕೆ ಪೇಟೆಂಟ್ ನಿರಾಕರಿಸಿದ್ದು, ಅರ್ಜಿದಾರರು ಮೇಲ್ಮನವಿ ಸಲ್ಲಿಸಿದ್ದು ನಿಮ್ಮ ಪತ್ರಿಕೆಯಲ್ಲಿ ವರದಿಯಾದ ಮೇಲೆ ಈ ಅಂಕಣದಲ್ಲಿ ಎರಡು ಬಗೆಯ ಪತ್ರಗಳು ಬಂದಿವೆ. ಹಳೆಯ ರೆಸಿಸ್ಟರು, ಹಳೆಯ ಡಯೋಡು, ಹಳೆಯ ರಾಳ ಸೇರಿಸಿ ಹೊಸ ಹಕ್ಕು ಕೇಳುವುದು ಅನ್ಯಾಯ ಎನ್ನುವುದು ಒಂದು. ಇದುವರೆಗೆ ಯಾರೂ ಹೀಗೆ ಸೇರಿಸಿರಲಿಲ್ಲವಲ್ಲ, ಕೊಟ್ಟರೇನು ನಷ್ಟ ಎನ್ನುವುದು ಇನ್ನೊಂದು. ಕೆಟ್ಟುಹೋದ ಬ್ಯಾಟರಿ ಪ್ಯಾಕ್‌ಗಳನ್ನು ಬಿಚ್ಚಿ, ಅವು ಕೆಟ್ಟಿದ್ದೇಕೆ ಎಂದು ಹುಡುಕುವುದೇ ನನ್ನ ಉದ್ಯೋಗ. ಆ ಮೇಜಿನ ಮುಂದೆ ಕುಳಿತು ನೋಡಿದರೆ ಎರಡು ವಾದಗಳಿಗೂ ಮುಖ್ಯವಾದದ್ದು ಕಣ್ಣಿಗೆ ಬಿದ್ದಿಲ್ಲ ಎಂದೇ ಹೇಳಬೇಕಾಗುತ್ತದೆ.

ಸರ್ಕ್ಯೂಟಿನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಲಿಥಿಯಂ ಅಯಾನ್ ಸೆಲ್ಲನ್ನು ಸಾಮಾನ್ಯವಾಗಿ 4.2 ವೋಲ್ಟ್‌ಗಿಂತ ಮೇಲಕ್ಕೆ ಚಾರ್ಜ್ ಮಾಡಬಾರದು. ತೀರಾ ಬರಿದಾಗಿ ಹಾಗೆಯೇ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಶೂನ್ಯ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿಯೇ ಪದರಗಟ್ಟುತ್ತದೆ. ಇಷ್ಟನ್ನೂ ಹಗಲಿರುಳು ಕಾಯುವುದು ಬೆರಳಗಲದ ಒಂದು ಫಲಕ. ಅದರ ಮೇಲಿನ ಐಸಿ, ಅಂದರೆ ಒಂದು ಪುಟ್ಟ ಚಿಪ್, ಪ್ರತಿ ಸೆಲ್ಲಿನ ವೋಲ್ಟೇಜನ್ನು ಅಳೆಯುತ್ತದೆ. ಮಿತಿ ಮೀರಿತೆಂದರೆ ಬೆನ್ನಿಗೆ ಬೆನ್ನು ಹಚ್ಚಿ ಜೋಡಿಸಿದ ಎರಡು ಮಾಸ್‌ಫೆಟ್‌ಗಳಲ್ಲಿ (ಎಲೆಕ್ಟ್ರಾನಿಕ್ ಸ್ವಿಚ್ಚುಗಳಲ್ಲಿ) ಒಂದನ್ನು ಆರಿಸಿ ಚಾರ್ಜಿಂಗನ್ನೋ ಬಳಕೆಯನ್ನೋ ನಿಲ್ಲಿಸುತ್ತದೆ.

ಈ ಕಾವಲುಗಾರನೇ ಸತ್ತರೆ? ಜನರಿಗೆ ಗೊತ್ತಿಲ್ಲದ ಸಂಗತಿ ಇಲ್ಲಿದೆ. ಮಾಸ್‌ಫೆಟ್ ಸುಟ್ಟಾಗ ಅದು ಬಹುಮಟ್ಟಿಗೆ ತೆರೆದುಕೊಳ್ಳುವುದಿಲ್ಲ, ಮುಚ್ಚಿದ ಸ್ವಿಚ್ಚಿನಂತೆ ಬೆಸೆದುಕೊಂಡುಬಿಡುತ್ತದೆ. ಆಮೇಲೂ ಪ್ಯಾಕ್ ಕೆಲಸ ಮಾಡುತ್ತಲೇ ಇರುತ್ತದೆ. ದೀಪ ಉರಿಯುತ್ತದೆ, ಮೋಟಾರು ತಿರುಗುತ್ತದೆ, ಚಾರ್ಜರ್ ಹಾಕಿದರೆ ಚಾರ್ಜ್ ಆಗುತ್ತದೆ. ಬಳಸುವವರಿಗೆ ಯಾವ ಸೂಚನೆಯೂ ಸಿಗುವುದಿಲ್ಲ. ಕಾವಲಿಲ್ಲದ ಪ್ಯಾಕ್ ತಲೆದಿಂಬಿನ ಪಕ್ಕದಲ್ಲಿ ರಾತ್ರಿಯಿಡೀ ಚಾರ್ಜ್ ಆಗುತ್ತಿರುತ್ತದೆ. ಆದ್ದರಿಂದ ಸೆಲ್ಲನ್ನು ಕಾಯುವ ಸರ್ಕ್ಯೂಟನ್ನು ಕಾಯುವುದು ಹೇಗೆ ಎಂಬುದು ಕಂಪನಿಗಳ ನಡುವಿನ ವ್ಯಾಜ್ಯಕ್ಕಷ್ಟೇ ಸೇರಿದ ವಿಷಯವಲ್ಲ.

ಈಗ ಅದು ಸಾಯುವ ಬಗೆಯನ್ನು ನೋಡಿ. ಹತ್ತು ಸೆಲ್‌ಗಳ ಸರಣಿ ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್. ಹೊರಗಡೆ ಎಲ್ಲೋ ಶಾರ್ಟ್ ಆಗಿ 100 ಆಂಪಿಯರ್ ಹರಿಯತೊಡಗಿತು ಎನ್ನೋಣ. ಐಸಿ ಅದನ್ನು ಕಂಡುಹಿಡಿದು ಮಾಸ್‌ಫೆಟ್ಟನ್ನು ಒಂದು ಮೈಕ್ರೊಸೆಕೆಂಡಿನಲ್ಲಿ ಆರಿಸುತ್ತದೆ. ಮಾಡಬೇಕಾದ ಕೆಲಸವನ್ನೇ ಮಾಡಿತು. ಆದರೆ ತಂತಿ, ಪಟ್ಟಿ, ಸೆಲ್‌ಗಳ ಜೋಡಣೆ ಎಲ್ಲ ಸೇರಿ ಒಂದು ಮೈಕ್ರೊಹೆನ್ರಿಯಷ್ಟು ಇಂಡಕ್ಟೆನ್ಸ್ (ಹರಿವಿನ ಬದಲಾವಣೆಯನ್ನು ವಿರೋಧಿಸುವ ಗುಣ) ಇದ್ದರೆ, ಹರಿವು ಅಷ್ಟು ಬೇಗ ನಿಂತ ಕ್ಷಣದಲ್ಲಿ ಅದು 100 ವೋಲ್ಟ್‌ಗಳ ಏಟನ್ನು ಹುಟ್ಟಿಸುತ್ತದೆ. 42ರ ಮೇಲೆ ಇನ್ನೊಂದು 100. ಐಸಿಯ ಸಹನಾ ಮಿತಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಪ್ಯಾಕನ್ನು ಉಳಿಸಿದ ಕೆಲಸವೇ ಐಸಿಯನ್ನು ಕೊಂದಿತು. ಮಾಸ್‌ಫೆಟ್ಟನ್ನು ನಿಧಾನವಾಗಿ ಆರಿಸಿದರೆ ಏಟು ತಗ್ಗುತ್ತದೆ, ಆದರೆ ಆ ಹೊತ್ತಿನ ಬಿಸಿಯನ್ನೆಲ್ಲ ಮಾಸ್‌ಫೆಟ್ಟೇ ನುಂಗಬೇಕಾಗುತ್ತದೆ. ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಝೀನರ್ ಡಯೋಡ್ ಹಾಕಬಹುದು, ಆದರೆ ಅದು ಐಸಿಗೆ ಹೋಗುವ ಅಳತೆಯ ತಂತಿಯ ರೆಸಿಸ್ಟರಿಗೆ ಮೊದಲು ಬರಬೇಕೋ ಆಮೇಲೆ ಬರಬೇಕೋ ಎಂಬುದರ ಮೇಲೆ ಡಯೋಡ್ ಉಳಿಯುವುದೋ ಸುಡುವುದೋ ನಿರ್ಧಾರವಾಗುತ್ತದೆ.

ಈ ಏಟು, ಅದಕ್ಕೆ ಮದ್ದು, ಮದ್ದಿನ ಜಾಗ ಇವೆಲ್ಲ ಐಸಿ ತಯಾರಕರ ಡೇಟಾಶೀಟುಗಳಲ್ಲಿ (ಬಿಡಿಭಾಗದ ವಿವರಪತ್ರಗಳಲ್ಲಿ), ಬಳಕೆಯ ಟಿಪ್ಪಣಿಗಳಲ್ಲಿ ಎಷ್ಟೋ ವರ್ಷಗಳಿಂದ ಅಚ್ಚಾಗಿವೆ. ಯಾರು ಬೇಕಾದರೂ ಓದಬಹುದು. ಇಂದು ಯಾರಾದರೂ ಇಷ್ಟನ್ನೇ ಬರೆದು, ಭಾಷೆಯನ್ನು ಬಿಗಿಮಾಡಿ, ಪೇಟೆಂಟ್ ಕೇಳಿದರೆ ನಿರಾಕರಿಸಲೇಬೇಕು. ಇಲ್ಲಿ ರೋಗವೂ ಗೊತ್ತಿತ್ತು, ಮದ್ದೂ ಗೊತ್ತಿತ್ತು.

ಇನ್ನೊಂದು ಸಾವಿನ ಕಥೆ ಬೇರೆ. ದೂಳು, ನೀರು, ಕಂಪನಗಳಿಂದ ಕಾಪಾಡಲು ಫಲಕವನ್ನು ಪೆಟ್ಟಿಗೆಯಲ್ಲಿಟ್ಟು ಮೇಲೆ ರಾಳ ಸುರಿಯುತ್ತಾರೆ. ಯೂರೆಥೇನ್, ಸಿಲಿಕೋನ್, ಎಪಾಕ್ಸಿ ಯಾವುದಾದರೂ ಇರಬಹುದು. ನೋಡಲು ಬಹಳ ಭದ್ರ. ಅಂಥ ಪ್ಯಾಕ್‌ಗಳು ನನ್ನ ಮೇಜಿಗೆ ಬರುವಾಗ ಹೊರಗೆ ಒಂದು ಗೀರೂ ಇರುವುದಿಲ್ಲ. ಸೆಲ್‌ಗಳನ್ನು ಒಂದೊಂದಾಗಿ ಅಳೆದರೆ ಮಾತ್ರ ಎಲ್ಲವೂ ಆರೋಗ್ಯವಾಗಿದ್ದು ಒಂದು ಬರಿದಾಗಿರುತ್ತದೆ. ಸೆಲ್ಲಿನದೇ ದೋಷ ಎಂದು ಅದನ್ನು ಬದಲಿಸಿದರೆ ಕೆಲವು ತಿಂಗಳ ನಂತರ ಅದೇ ಜಾಗದ ಹೊಸ ಸೆಲ್ಲೂ ಬರಿದಾಗುತ್ತದೆ. ಆಗ ರಾಳವನ್ನು ಬಿಸಿಮಾಡಿ, ಮೃದುವಾದಷ್ಟನ್ನು ಮರದ ಕಡ್ಡಿಯಿಂದ ಕೆರೆದು ತೆಗೆದು, ಫಲಕವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುತ್ತದೆ: ಅಕ್ಕಪಕ್ಕದ ಎರಡು ಅಳತೆ ಗೆರೆಗಳ (ಫಲಕದ ಮೇಲಿನ ಲೋಹದ ದಾರಿಗಳ) ನಡುವೆ, ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಬಿಟ್ಟುಹೋದ ಮಬ್ಬು ಕಲೆಯ ಮೇಲೆ, ಜರೀಗಿಡದ ಎಲೆಯ ಹಾಗೆ ಕವಲೊಡೆದು ಬೆಳೆದ ಲೋಹದ ಎಳೆ. ಬೆಳಕನ್ನು ಓರೆಯಾಗಿ ಹಾಯಿಸಿದರಷ್ಟೇ ಹೊಳೆಯುತ್ತದೆ, ನೇರ ಬೆಳಕಿಗೆ ಸಿಕ್ಕುವುದಿಲ್ಲ.

ಫ್ಲಕ್ಸಿನ ಉಳಿಕೆ, ರಾಳದ ಮೂಲಕವೇ ನಿಧಾನವಾಗಿ ಒಳಸೇರಿದ ತೇವ, ಗೆರೆಗಳ ನಡುವೆ ಸದಾ ಇರುವ ನಾಲ್ಕು ವೋಲ್ಟ್. ಈ ಮೂರೂ ಸೇರಿದರೆ ಲೋಹದ ಅಯಾನುಗಳು ಒಂದು ಗೆರೆಯಿಂದ ಇನ್ನೊಂದಕ್ಕೆ ವಲಸೆ ಹೋಗಿ ಸೇತುವೆ ಕಟ್ಟುತ್ತವೆ. ಆ ಎಳೆಯಲ್ಲಿ ಹರಿಯುವುದು ಒಂದು ಮಿಲಿಆಂಪಿಯರ್ ಆದರೂ ಸಾಕು. ದಿನಕ್ಕೆ 24 ಮಿಲಿಆಂಪಿಯರ್-ಅವರ್ ಸೋರಿದರೆ, 2500 ಮಿಲಿಆಂಪಿಯರ್-ಅವರ್ ಸೆಲ್ಲು ಸುಮಾರು ಮೂರೂವರೆ ತಿಂಗಳಲ್ಲಿ ಖಾಲಿ. ಕಾಪಾಡಲೆಂದು ಸುರಿದ ರಾಳ ಕೊಳೆಯನ್ನು ಒಳಗೇ ಮುಚ್ಚಿಟ್ಟಿತು, ಮೇಲಾಗಿ ಅದು ಯಾರ ಕಣ್ಣಿಗೂ ಬೀಳದಂತೆ ಮಾಡಿತು.

ಮದ್ದು ತೀರಾ ಸರಳ. ರಾಳ ಸುರಿಯುವ ಮೊದಲು ಫಲಕವನ್ನು ತೊಳೆದು ಒಣಗಿಸುವುದು, ಗೆರೆಗಳನ್ನು ದೂರ ಇಡುವುದು, ಅಗತ್ಯವಿದ್ದರೆ ತೆಳುವಾದ ಲೇಪ ಕೊಡುವುದು. ಇದರಲ್ಲಿ ಒಂದೂ ಹೊಸದಲ್ಲ. ಅಯಾನುಗಳ ಈ ವಲಸೆ ಕೂಡ ಎಲೆಕ್ಟ್ರಾನಿಕ್ಸ್ ವಿಶ್ವಾಸಾರ್ಹತೆಯ ಪಠ್ಯಗಳಲ್ಲಿ ಬಹುಕಾಲದಿಂದ ಇರುವ ವಿಷಯವೇ. ಆದರೂ ನಾನು ಈ ಉದಾಹರಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ವಿದ್ಯಮಾನ ಯಾರಿಗೂ ಗೊತ್ತಿಲ್ಲದ ಕಾಲವೊಂದನ್ನು ಕಲ್ಪಿಸಿಕೊಳ್ಳಿ. ಆಗ ಎಲ್ಲರೂ ಸೆಲ್ಲನ್ನೇ ದೂರುತ್ತಿರುತ್ತಾರೆ. ಒಬ್ಬರು ಮಾತ್ರ ರಾಳವನ್ನು ಕೆರೆದು ಎಳೆಯನ್ನು ತೋರಿಸುತ್ತಾರೆ. ಅವರ ಪರಿಹಾರದಲ್ಲಿ ಇರುವುದೆಲ್ಲ ಹಳೆಯ ಸಾಮಗ್ರಿ. ಅವರ ಕೊಡುಗೆ ದೊಡ್ಡದಲ್ಲವೇ? ಖಂಡಿತ ದೊಡ್ಡದು. ಆ ಕಾರಣ ತಿಳಿಯುವ ತನಕ ತೊಳೆಯಬೇಕೆಂದು ಯಾವ ನಿಪುಣನಿಗೂ ಹೊಳೆಯುತ್ತಿರಲಿಲ್ಲ.

ನನ್ನ ವಾದ ಇಷ್ಟೆ. ಸರ್ಕ್ಯೂಟನ್ನು ಕಾಪಾಡುವ ವಿಧಾನಗಳ ಮೇಲ್ಮನವಿಯಲ್ಲಿ ತೂಗಬೇಕಾದದ್ದು ಬಿಡಿಭಾಗದ ಹೊಸತನವನ್ನಲ್ಲ. ಸರ್ಕ್ಯೂಟ್ ಯಾಕೆ ಸಾಯುತ್ತಿತ್ತು ಎಂಬ ತಿಳಿವಳಿಕೆ ಅರ್ಜಿಗೆ ಮೊದಲೇ ಲೋಕದಲ್ಲಿ ಇತ್ತೇ ಎಂಬುದನ್ನು. ಇಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಎರಡು ಹಳೆಯ ದಾಖಲೆಗಳನ್ನು ಮುಂದಿಡುತ್ತಾರೆ. ಒಂದರಲ್ಲಿ ಫಲಕವಿರುವ ಬ್ಯಾಟರಿ, ಇನ್ನೊಂದರಲ್ಲಿ ಬೇರಾವುದೋ ಉಪಕರಣದಲ್ಲಿ ರಾಳ ಸುರಿದ ಫಲಕ. ಎರಡನ್ನೂ ಸೇರಿಸುವುದು ಯಾರಿಗಾದರೂ ಹೊಳೆಯುತ್ತದೆ ಎನ್ನುತ್ತಾರೆ. ಅರ್ಜಿದಾರರು ಎರಡನೆಯದು ಬ್ಯಾಟರಿಯೇ ಅಲ್ಲ ಎನ್ನುತ್ತಾರೆ. ವಾದ ಅಲ್ಲೇ ಸುತ್ತುತ್ತದೆ. ಸೇರಿಸಬೇಕೆಂದು ಯಾಕೆ ಅನ್ನಿಸಬೇಕಿತ್ತು ಎಂಬ ಪ್ರಶ್ನೆಗೆ ಎರಡು ಕಡೆಯಿಂದಲೂ ಒಂದೋ ಎರಡೋ ವಾಕ್ಯದ ಉತ್ತರ ಸಿಕ್ಕಿದರೆ ಹೆಚ್ಚು.

ಇದು ನನ್ನೊಬ್ಬನ ಬಯಕೆಯಲ್ಲ, ಕಾನೂನಿನ ಇತಿಹಾಸದಲ್ಲಿ ಇದಕ್ಕೆ ನೆಲೆಯಿದೆ. ಅಮೆರಿಕದ ಕಸ್ಟಮ್ಸ್ ಮತ್ತು ಪೇಟೆಂಟ್ ಮೇಲ್ಮನವಿ ನ್ಯಾಯಾಲಯ 1969ರಲ್ಲಿ ಸ್ಪಾನೋಬಲ್ ಎಂಬವರ ಪ್ರಕರಣವನ್ನು ತೀರ್ಮಾನಿಸಿತು. ಒಂದೇ ಸೀಸೆಯಲ್ಲಿ ಎರಡು ಖಾನೆ, ಒಂದರಲ್ಲಿ ಒಣ ಔಷಧ, ಇನ್ನೊಂದರಲ್ಲಿ ದ್ರವ, ನಡುವೆ ಒಂದು ಬಿರಡೆ. ತೇವ ಒಣ ಔಷಧದ ಕಡೆಗೆ ದಾಟುತ್ತಿತ್ತು. ಬಿರಡೆಯ ಸುತ್ತ, ಗಾಜಿನ ಅಂಚಿನಿಂದ ಸೋರುತ್ತಿರಬೇಕು ಎಂದು ಎಣಿಸಲಾಗಿತ್ತು. ಅರ್ಜಿದಾರ ಕಂಡುಕೊಂಡದ್ದು ತೇವ ಬಿರಡೆಯ ಮೈಯೊಳಗಿಂದಲೇ ಹಾದು ಬರುತ್ತಿದೆ ಎಂಬುದನ್ನು. ಪರಿಹಾರ, ತೇವವನ್ನು ಅಷ್ಟಾಗಿ ಬಿಡದ ಬ್ಯುಟೈಲ್ ರಬ್ಬರು. ಆ ರಬ್ಬರು ಹೊಸದಾಗಿರಲಿಲ್ಲ. ತೊಂದರೆಯ ಮೂಲವನ್ನು ಕಂಡುಹಿಡಿಯುವುದರಲ್ಲೇ ಆವಿಷ್ಕಾರ ಇರಬಹುದು, ಮೂಲ ತಿಳಿದ ಮೇಲೆ ಪರಿಹಾರ ಸುಲಭವಾಗಿ ತೋರಿದರೂ ಸರಿ ಎಂದು ನ್ಯಾಯಾಲಯ ಹೇಳಿತು, ನಿರಾಕರಣೆಯನ್ನು ರದ್ದು ಮಾಡಿತು. ಯುರೋಪಿನ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಗಳೂ, ಯಾರೂ ಗುರುತಿಸದ ಸಮಸ್ಯೆಯನ್ನು ಗುರುತಿಸುವುದಕ್ಕೆ ಕೆಲವು ಸಂದರ್ಭಗಳಲ್ಲಿ ಬೆಲೆಯಿದೆ ಎಂದು ಒಪ್ಪಿವೆ.

ತಕ್ಕಡಿಯ ಇನ್ನೊಂದು ಬದಿಯೂ ಅಷ್ಟೇ ಗಟ್ಟಿ. ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ, ಪಾತ್ರೆಗಳನ್ನು ಲೇತ್ ಯಂತ್ರದಲ್ಲಿ ಹಿಡಿದು ಕಡೆಯುವ ಸಾಧನದ ಪೇಟೆಂಟನ್ನು ಪರಿಶೀಲಿಸಿ, ಕಾರ್ಖಾನೆಯ ಸಾಮಾನ್ಯ ಸುಧಾರಣೆ ಆವಿಷ್ಕಾರವಾಗದು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 2007ರ ಕೆಎಸ್‌ಆರ್ ತೀರ್ಪಿನಲ್ಲಿ, ಕಾರಿನ ಆಕ್ಸಿಲರೇಟರ್ ಪೆಡಲ್ಲಿಗೆ ಸೆನ್ಸರ್ ಜೋಡಿಸಿದ ಪೇಟೆಂಟನ್ನು ತಳ್ಳಿಹಾಕುತ್ತ, ಕ್ಷೇತ್ರದ ಸಾಮಾನ್ಯ ನಿಪುಣನಿಗೂ ಒಂದಷ್ಟು ಸೃಜನಶೀಲತೆ ಇರುತ್ತದೆ, ಅವನು ಯಂತ್ರವಲ್ಲ ಎಂದಿತು. ಎರಡೂ ಸರಿಯಾದ ತೀರ್ಪುಗಳು. ನನ್ನ ಸಹೋದ್ಯೋಗಿಗಳು ದಿನನಿತ್ಯ ಮಾಡುವ ಇಂಥ ಜೋಡಣೆಗಳಿಗೆಲ್ಲ ಪೇಟೆಂಟ್ ಸಿಗತೊಡಗಿದರೆ ಒಂದು ಫಲಕವನ್ನೂ ನಿರ್ಭಯವಾಗಿ ವಿನ್ಯಾಸ ಮಾಡಲಾಗದು. ಆದರೆ ಈ ತೀರ್ಪುಗಳೂ ಗೊತ್ತಿರುವ ತೊಂದರೆಗೆ ಗೊತ್ತಿರುವ ಮದ್ದು ಹಚ್ಚಿದ ಪ್ರಸಂಗಗಳು. ತೊಂದರೆಯೇ ಅಡಗಿದ್ದ ಕಡೆ ಇವನ್ನು ಕಣ್ಣು ಮುಚ್ಚಿ ಅನ್ವಯಿಸಬಾರದು.

ಪೇಟೆಂಟ್ ಸಿಕ್ಕಿದರೆ ಅದು ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ ಇರುತ್ತದೆ. ಆದ್ದರಿಂದ ಹಕ್ಕುಕೋರಿಕೆಯ, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಬರೆಯುವ ಮಾತಿನ, ಅಳತೆ ಬಹಳ ಮುಖ್ಯ. "ನಿಯಂತ್ರಣ ಸರ್ಕ್ಯೂಟನ್ನು ಕಾಪಾಡುವ ಘಟಕವುಳ್ಳ ಬ್ಯಾಟರಿ ಪ್ಯಾಕ್" ಎಂಬಂಥ ಅಗಲ ಬಾಯಿಯ ಮಾತಿಗೆ ಹಕ್ಕು ಕೊಟ್ಟರೆ ಉಳಿದ ತಯಾರಕರಿಗೆ ಎರಡೇ ದಾರಿ: ಶುಲ್ಕ ಕಟ್ಟುವುದು, ಇಲ್ಲವೇ ಆ ಮಾತಿಗೆ ಸಿಗದಂತೆ ಕಾವಲನ್ನೇ ಸಡಿಲಿಸುವುದು. ಎರಡನೆಯದನ್ನು ಹಿಡಿಯುವವರು ಇದ್ದೇ ಇರುತ್ತಾರೆ. ಅದರ ಫಲ ನನ್ನಂಥವರ ಮೇಜಿಗೆ ಕರಿದಾದ ಫಲಕವಾಗಿ ಬಂದರೆ ಪುಣ್ಯ, ಯಾರದೋ ಮನೆಯ ಬೆಂಕಿಯಾಗಿ ಸುದ್ದಿಪುಟಕ್ಕೆ ಬರಬಾರದು. ಕಾರಣ ಕಂಡುಹಿಡಿದವರಿಗೆ ಆ ಕಾರಣಕ್ಕೆ ತಾಗಿದಷ್ಟೇ ಹಕ್ಕು ಕೊಡಬೇಕು, ಒಂದು ಗೆರೆಯೂ ಹೆಚ್ಚಲ್ಲ.

ನಮ್ಮ ದೇಶದಲ್ಲಿ 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಈ ಮೇಲ್ಮನವಿಗಳು ಹೈಕೋರ್ಟ್‌ಗಳಿಗೆ ಹೋಗುತ್ತವೆ. ನ್ಯಾಯಮೂರ್ತಿಗಳು ಮಾಸ್‌ಫೆಟ್ ಬೆಸೆಯುವುದನ್ನು ಕಣ್ಣಾರೆ ಕಂಡಿರಬೇಕೆಂದು ನಾನು ಬಯಸುವುದಿಲ್ಲ. ನಾನು ಕೇಳುವುದು ದಾಖಲೆ. ಕೆಟ್ಟ ಫಲಕಗಳ ಚಿತ್ರ, ವೋಲ್ಟೇಜಿನ ಏರಿಳಿತ ತೋರಿಸುವ ಅಲೆದರ್ಶಕದ (ಆಸಿಲೊಸ್ಕೋಪಿನ) ದಾಖಲೆ, ಬದಲಾವಣೆಗೆ ಮೊದಲು ಮತ್ತು ನಂತರದ ಅಳತೆ ಇವನ್ನು ಅರ್ಜಿದಾರರು ಮೊದಲ ದಿನವೇ ವಿವರಣೆಯಲ್ಲಿ ಇಡಲಿ. ಮೇಲ್ಮನವಿಯ ಹೊತ್ತಿಗೆ ನೆನಪಾಗುವ ಪ್ರಯೋಜನಗಳಿಗೆ ತೂಕ ಬೇಡ. ಪರೀಕ್ಷಕರು ಹಳೆಯ ಪೇಟೆಂಟ್‌ಗಳಲ್ಲಿ ಮಾತ್ರ ಹುಡುಕದೆ ಐಸಿ ತಯಾರಕರ ಡೇಟಾಶೀಟುಗಳನ್ನೂ ಬಳಕೆಯ ಟಿಪ್ಪಣಿಗಳನ್ನೂ ದಿನಾಂಕಸಹಿತ ತೆಗೆದು ನೋಡಲಿ. ಈ ಕ್ಷೇತ್ರದ ನಿಜವಾದ ಜ್ಞಾನ ಇರುವುದು ಅಲ್ಲಿ. ಸರಿಯಾದ ಒಂದು ಟಿಪ್ಪಣಿ ಸಿಕ್ಕಿದರೆ ಎಷ್ಟೋ ಮೇಲ್ಮನವಿಗಳು ಅರ್ಧ ದಿನದಲ್ಲಿ ಮುಗಿಯುತ್ತವೆ. ಪ್ರಾಮಾಣಿಕವಾಗಿ ಹುಡುಕಿಯೂ ಅಂಥ ಟಿಪ್ಪಣಿ ಸಿಗದಿದ್ದರೆ ಅದೂ ಅರ್ಜಿದಾರರ ಪರವಾದ ಸಾಕ್ಷ್ಯವೇ.

ನಿಮ್ಮಲ್ಲಿಯೂ ಒಂದು ಕೋರಿಕೆ. ಈ ಮೇಲ್ಮನವಿಯ ತೀರ್ಪು ಬಂದಾಗ ಗೆದ್ದವರ, ಸೋತವರ ಹೆಸರಿನ ಜೊತೆಗೆ ಮೊದಲನೆಯ ಹಕ್ಕುಕೋರಿಕೆಯ ಪೂರ್ಣ ಪಾಠವನ್ನು ಕನ್ನಡದಲ್ಲಿ ಪ್ರಕಟಿಸಿ. ಅರ್ಧ ಅಂಕಣದಷ್ಟು ಜಾಗ ಸಾಕು. ಯಾವ ಕೆಡುಕನ್ನು ಹೇಗೆ ತಡೆಯುತ್ತೇವೆಂದು ಅವರು ಹೇಳಿದ್ದಾರೆ ಎಂಬುದು ಓದುಗರಿಗೂ, ನನ್ನಂತೆ ಈ ಕೆಲಸದಲ್ಲಿರುವವರಿಗೂ ಅದರಿಂದಲೇ ತಿಳಿಯುತ್ತದೆ.

ತಮ್ಮ ವಿಶ್ವಾಸಿ,
ಬ್ಯಾಟರಿ ವೈಫಲ್ಯ ಪರೀಕ್ಷೆಯ ಒಬ್ಬ ಎಂಜಿನಿಯರ್